ಖಲ್ಫಾನನ ಅಂಗೈ

ಸುಹೈಲ್ ನಕ್ಷತ್ರ ಮೂಡಲು ಇನ್ನೂ ವಾರವಿತ್ತು. ಅದು ಮೂಡಿದ ಮೇಲೇ ಗಾಳಿಯ ಕಾವು ಇಳಿಯುವುದು. ಅದಕ್ಕೆ ಮೊದಲು ಜೀಪನ್ನು ಇಂಜಿನ್ನಿನ ಕಸುವು ಅಳೆಯುವ ಡೈನೋ ಯಂತ್ರದ ಮೇಲೆ ಹತ್ತಿಸಬಾರದೆಂದು ಒಬೈದನಿಗೆ ಗೊತ್ತಿರಲಿಲ್ಲ ಎಂದಲ್ಲ. ಅಣ್ಣನ ಮಗ ಮಾಜಿದ್ ಕೆಣಕಿದ, ಇವನು ಹೂಂ ಅಂದುಬಿಟ್ಟ.

ಆ ಬಿಳಿ ಜೀಪಿನ ಇಂಜಿನ್ನಿಗೆ ಟರ್ಬೊ ಕೂರಿಸಿ, ಒಂದೊಂದು ಬೋಲ್ಟನ್ನೂ ಕೈಯಾರೆ ಬಿಗಿದವನು ಗೆಳೆಯ ಖಲ್ಫಾನ್. ಅವನು ತೀರಿಕೊಂಡು ಆರು ವರ್ಷವಾಗಿತ್ತು. ಅಲ್ಲಿಂದೀಚೆಗೆ ಆ ಇಂಜಿನ್ನನ್ನು ಯಾರೂ ಬಿಚ್ಚಿರಲಿಲ್ಲ, ಒಬೈದ್ ಬಿಚ್ಚಗೊಟ್ಟಿರಲಿಲ್ಲ. ಈ ಚಳಿಗಾಲದ ಪಂದ್ಯದಲ್ಲಿ ಮರಳು ದಿಬ್ಬ ಹತ್ತಿಸುವವನು ಮಾಜಿದ್. ಹಳೆಯ ಇಂಜಿನ್ ಅರ್ಧ ದಿಬ್ಬದಲ್ಲಿ ಸಿಡಿದರೆ ಏನು ಗತಿ, ಪೂರ್ತಿ ಬಿಚ್ಚಿ ಹೊಸ ಭಾಗ ಹಾಕೋಣ ಎಂದು ಅವನ ವಾದ. ಕಡೆಗೆ ಒಂದು ಮಾತಾಯಿತು. ಖಲ್ಫಾನ್ ಒಂದು ಚಳಿಗಾಲದಲ್ಲಿ ಇದೇ ಇಂಜಿನ್ನಿನಿಂದ ಎಂಟುನೂರು ಅಶ್ವಶಕ್ತಿ ತೆಗೆದಿದ್ದ. ಈಗಲೂ ಅದರ ಹತ್ತಿರಕ್ಕೆ ಬಂದರೆ ಇಂಜಿನ್ ಮುಚ್ಚಿದಂತೆಯೇ ಇರಲಿ, ಬಾರದಿದ್ದರೆ ಬಿಚ್ಚುವುದು.

ಬಂದರಿನ ಹಿಂದೆ ಸಿರಿಯಾದ ನಿಝಾರನ ತಗಡಿನ ಶೆಡ್ಡು. ಜೀಪಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ನೆಲಕ್ಕೆ ಸರಪಳಿ ಬಿಗಿದು, ಎದುರಿಗೆ ದೊಡ್ಡ ಫ್ಯಾನ್ ಹಚ್ಚಿದರು. ಅದು ಬೀಸಿದ್ದು ರೊಟ್ಟಿ ಒಲೆಯ ಬಾಯಿಂದ ಬಂದ ಗಾಳಿಯಂತಿತ್ತು. ಜೀಪು ನಿಂತಲ್ಲೇ ಗರ್ಜಿಸಿತು. ಆರುನೂರ ಐವತ್ತು. ಮಾಜಿದ್ ಬಿಡುವು ಕೊಡದೆ ಇನ್ನೊಮ್ಮೆ ಓಡಿಸಿದ. ಆರುನೂರ ಹತ್ತು. ಮತ್ತೊಮ್ಮೆ ಓಡಿಸಿದಾಗ ಆರುನೂರೂ ಮುಟ್ಟಲಿಲ್ಲ.

ಒಬೈದ್ ಒಂದು ಟಯರಿನ ಮೇಲೆ ಕುಳಿತ. ಮಾಜಿದ್ ಹಂಗಿಸಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಅವನು ಸ್ಪ್ಯಾನರುಗಳ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಬಾನೆಟ್ಟಿನ ಕೆಳಗಿನ ಕಾವು ಒಬೈದನ ಮುಖಕ್ಕೆ ರಾಚುತ್ತಿತ್ತು. ಆಗ ಅವನಿಗೆ ಖಲ್ಫಾನನ ಅಂಗೈ ನೆನಪಾಯಿತು.

ಒಂದು ಓಟ ಮುಗಿದರೆ ಖಲ್ಫಾನ್ ಬಾನೆಟ್ ಎತ್ತಿ, ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಮೇಲೆ ಅಂಗೈ ಇಡುತ್ತಿದ್ದ. ಒಂದು ಬಟ್ಟಲು ಕಾಫಿ ಕುಡಿದು ಮುಗಿಯುವ ತನಕ ಅಂಗೈ ಅಲ್ಲಿ ತಾಳಬೇಕು. ಅಲ್ಲಿಯವರೆಗೆ ಕೀಲಿಯನ್ನು ಯಾರೂ ಮುಟ್ಟುವಂತಿಲ್ಲ. ಕಾಯುವಾಗ ಕಾಫಿ, ಖರ್ಜೂರ, ತಾನು ಹಿಡಿದ ಮೀನುಗಳ ಬಗ್ಗೆ ಅವನ ಬುರುಡೆ. ಈಗ ಯೋಚಿಸಿದರೆ ಆ ದಿನಗಳಲ್ಲಿ ಇಂಜಿನ್ ಓಡಿದ್ದು ಗಳಿಗೆ ಹೊತ್ತು, ಉಳಿದದ್ದೆಲ್ಲ ಬರೀ ಕೂತದ್ದು. ಸೆಕೆ ಮಿತಿಮೀರಿದರೆ ಬಂದರಿನಿಂದ ಮೀನಿನ ಐಸು ತಂದು, ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮೇಲೆ ಒತ್ತುತ್ತಿದ್ದ. ವಾರವಿಡೀ ಶೆಡ್ಡು ಅಂಜಲ್ ಮೀನು ನಾರುತ್ತಿತ್ತು. ಒಬೈದ್ ಸ್ನಾನ ಮಾಡದ ಹೊರತು ಹೆಂಡತಿ ಅವನನ್ನು ಒಳಕ್ಕೆ ಬಿಟ್ಟುಕೊಳ್ಳುತ್ತಿರಲಿಲ್ಲ.

"ಸ್ಪ್ಯಾನರ್ ಕೆಳಗಿಡೋ. ಬಂದರಿಗೆ ಹೋಗಿ ಮೀನಿಗೆ ಹಾಕೋ ಪುಡಿ ಐಸು ತಗೊಂಡು ಬಾ," ಎಂದ ಒಬೈದ್.

"ಐಸು ಹಾಕಿದ್ರೆ ಮೀನು ಕೆಡಲ್ಲ, ಅಷ್ಟೆ ಚಿಕ್ಕಪ್ಪ. ಸತ್ತ ಮೀನು ಎದ್ದು ಈಜಲ್ಲ."

"ಮೊದ್ಲು ತಾ. ಆಮೇಲೆ ಆಡ್ಕೊಳ್ಳುವಿಯಂತೆ."

ಕಂಪ್ಯೂಟರಿನ ಹಿಂದೆ ಕೂತಿದ್ದ ನಿಝಾರ್ ನಕ್ಕ. ಬಿಸಿ ಗಾಳಿ ತೆಳು, ಅದರಲ್ಲಿ ಕಸುವಿಲ್ಲ. ಮೇಲಾಗಿ ಕಾವು ಏರಿದರೆ ಇಂಜಿನ್ ಹಾಳಾದೀತೆಂದು ಗಾಡಿಯ ಕಂಪ್ಯೂಟರೇ ಲಗಾಮು ಜಗ್ಗುತ್ತದೆ ಎಂದ. ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಚಿಕ್ಕಪ್ಪ, ಅಣ್ಣನ ಮಗನ ನಡುವಿನ ಪಂತದಲ್ಲಿ ನಾನ್ಯಾಕೆ ಬಾಯಿ ಹಾಕಲಿ ಎಂದು ಜಾರಿಕೊಂಡ.

ಮಾಜಿದ್ ಎರಡು ಪೆಟ್ಟಿಗೆ ಐಸು ತಂದು ತಾನೇ ಒತ್ತಿದ. ಮೊದಮೊದಲು ಶತಪಥ ತಿರುಗಿದ, ಆಮೇಲೆ ಬಂದು ಕೂತ. ಒಬೈದ್ ಕೊಳವೆ ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ. ಕಾಫಿ ಬಗ್ಗಿಸಿ, ಖಲ್ಫಾನ್ ಹೆಂಡತಿಗೆ ಹೆದರಿ ದೋಣಿಯಲ್ಲೇ ರಾತ್ರಿ ಕಳೆದ ಕಥೆ ಹೇಳಿದ. ಖಲ್ಫಾನನನ್ನು ಚಿಕ್ಕಂದಿನಲ್ಲಷ್ಟೇ ನೋಡಿದ್ದ ಮಾಜಿದ್ ಬಿದ್ದುಬಿದ್ದು ನಕ್ಕ. ಒಬೈದ್ ಮತ್ತೆ ಅಂಗೈ ಇಟ್ಟು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ನಿಧಾನವಾಗಿ ಕಾಫಿ ಮುಗಿಸಿದ. ಅಂಗೈ ತಾಳಿತು.

ಈ ಸಲದ ದನಿಯೇ ಬೇರೆ. ತಗಡು ನಡುಗಿತು, ಐಸಿನ ಹೆಂಟೆಗಳು ಜಾರಿ ನೆಲಕ್ಕೆ ಬಿದ್ದವು.

"ಏಳುನೂರ ಎಪ್ಪತ್ತು," ಎಂದ ನಿಝಾರ್. "ಎಂಟುನೂರಕ್ಕೆ ಮೂವತ್ತು ಕಮ್ಮಿ."

ಹತ್ತಿರವೋ ದೂರವೋ ಎಂದು ಹೇಳಬೇಕಾದವನು ಮಾಜಿದ್. ಒಬೈದ್ ಅಂಗಲಾಚಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಮಾಜಿದ್ ಬಾನೆಟ್ಟಿಗೆ ಬಗ್ಗಿ, ಇಂಟರ್‌ಕೂಲರಿಗೆ ಅಂಟಿದ್ದ ಮೀನಿನ ಪರೆಯೊಂದನ್ನು ಉಗುರಿನಿಂದ ಎಬ್ಬಿಸಿ ನೋಡಿದ.

"ಈಜ್ತು ಚಿಕ್ಕಪ್ಪ," ಎಂದ. "ದಿಬ್ಬದ ಮೇಲೆ ಐಸು ಸಿಗಲ್ಲ. ಆದ್ರೆ ಪಂದ್ಯದ ದಿನ ಚಳಿಯಂತೂ ಇರತ್ತೆ. ಬಿಚ್ಚೋದು ಬೇಡ."

ಒಬೈದ್ ತಲೆಯ ಬಟ್ಟೆಯ ತುದಿಯಿಂದ ಕತ್ತಿನ ಬೆವರೊರೆಸಿದ. ಹಾಗೇ ಕಣ್ಣನ್ನೂ ಒರೆಸಿಕೊಂಡ. ಉಳಿದ ಮೂವತ್ತಕ್ಕೆ ಇನ್ನೊಂದು ಸಲ ಓಡಿಸಲೇ ಎಂದು ನಿಝಾರ್ ಕೇಳಿದ. ಮಾಜಿದ್ ಕೊಳವೆಯ ಮೇಲೆ ಅಂಗೈ ಇಟ್ಟವನು ಬಿಸಿ ತಾಗಿ ಕೈ ಕೊಡವಿಕೊಂಡ.

"ತಡಿ, ಇನ್ನೂ ಆಗಿಲ್ಲ," ಎಂದು ಟಯರಿನ ಮೇಲೆ ಒಬೈದನ ಪಕ್ಕದಲ್ಲಿ ಕೂತು ಬಟ್ಟಲು ಒಡ್ಡಿದ.

ಹೂಜಿಯಲ್ಲಿ ಕಾಫಿ ಇನ್ನೂ ಇತ್ತು. ಒಬೈದ್ ಬಗ್ಗಿಸಿಕೊಟ್ಟು, ಖಲ್ಫಾನ್ ಒಬ್ಬನೇ ಹಿಡಿದ ಶಾರ್ಕಿನ ಕಥೆ ತೆಗೆದ. ಖಲ್ಫಾನ್ ಹೇಳುವಾಗ ಅದು ದೋಣಿಯಷ್ಟು ಉದ್ದವಿರುತ್ತಿತ್ತು. ಒಬೈದ್ ಇನ್ನೆರಡು ಮೊಳ ಸೇರಿಸಿದ.