ನೆಲ ಸಿಗದ ಕೂಸು

ಮತ್ತೆ ಬಳಪ ಸಿಡಿದು ಮಗ್ಗದ ಮೇಲಿನ ರೇಷ್ಮೆಗೆ ಬಿತ್ತು, ಸೋಮವ್ವ ಲಾಳಿ ನಿಲ್ಲಿಸಿದಳು — ಮಗ್ಗದ ಕುಣಿಯಲ್ಲಿ ಸೊಂಟದ ತನಕ ಇಳಿದು ಕೂತವಳ ಕಣ್ಣಿನ ಮಟ್ಟಕ್ಕೇ ಮಗಳ ಪಾಟಿ, ಪಾಟಿಯ ಮೇಲೆ ಅರ್ಧ ಅಕ್ಷರ, ಏಳು ತುಂಬಿದ ಇಂದ್ರವ್ವ ಬರೆಯುವ ಕೈಯ ಕಡೆ ಮುಖ ತಿರುಗಿಸಿದರೆ ಸಾಕು, ಆ ಕೈ ಕೋಲಿನಂತೆ ಸೆಟೆಯುತ್ತದೆ, ಬೆರಳು ಬಿಚ್ಚುತ್ತವೆ, ಮಾಸ್ತರ ಮೇಜು ಬಡಿದರೆ ಕಪ್ಪೆಯ ಹಾಗೆ ಎರಡೂ ಕೈ ಚೆಲ್ಲಿ ಬೆಚ್ಚಿ ಬೀಳುತ್ತಾಳಂತೆ, ಹುಡುಗರು ಕಪ್ಪಿ ಕಪ್ಪಿ ಎಂದು ನಗುತ್ತಾರಂತೆ, ಅಂದಾನಪ್ಪ ಮಾಸ್ತರ ಈಗಷ್ಟೇ ಬಾಗಿಲಲ್ಲಿ ನಿಂತು ಹೇಳಿಹೋದ, ಏ ಸೋಮವ್ವ, ಎರಡು ವರ್ಷ ಒಂದನೇ ಇಯತ್ತೇದಾಗ ಕುಂಡ್ರಿಸೇನಿ, ಸೊಕ್ಕು ಭಾಳ ನಿನ್ನ ಮಗಳಿಗೆ, ಸೋಮವಾರ ಐದಕ್ಷರ ಬರೀಲಿಲ್ಲಂದ್ರ ಹೆಸರು ಹೊಡದ ಹಾಕತೇನಿ, ನಿನ್ನಂಗ ಕುಣ್ಯಾಗ ಇಳಸು — ಸೊಕ್ಕಲ್ರಿ ಮಾಸ್ತರ, ಅದು ಕೂಸಿನ ಕಾಲದ್ದು ಮೈಯಾಗ ಉಳದೈತಂತ — ಯಾರಂದ್ರು? — ದವಾಖಾನ್ಯಾಗ — ಹಂಗಾರ ತೊಟ್ಟಲದಾಗ ಹಾಕಿ ತೂಗು ಹೋಗು! ಮಾಸ್ತರ ನಕ್ಕ, ಆ ನಗೆ ಇನ್ನೂ ಹೊಸ್ತಿಲಲ್ಲೇ ಬಿದ್ದಿದೆ, ಇವತ್ತು ಶನಿವಾರ, ನಿನ್ನೆ ಬಾಗಲಕೋಟೆಯಲ್ಲಿ ಡಾಕ್ಟರಮ್ಮ ಮಗುವಿನ ತಲೆಯನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿ ಕೈಗಳನ್ನೇ ನೋಡುತ್ತ ನಿಂತಳು, ಹುಟ್ಟಿದ ಕೂಸಿಗೆ ಹಿಂಗ ಇರ್ತದವ್ವ, ತಲಿ ತಿರುಗಿದ ಕಡೆ ಕೈ ಚಾಚ್ತದ, ಆಚೆ ಕಡೇದು ಮಡಚ್ತದ, ಆರೇಳು ತಿಂಗಳಿಗೆ ಹೋಗಬೇಕು, ಇಕಿಗೆ ಹೋಗಿಲ್ಲ, ಬುದ್ಧಿ ಚುರುಕ ಐತಿ, ಅಂಬೆಗಾಲ ಇಟ್ಟಿದ್ಲೇನು? — ಇಲ್ರಿ, ಸೀದಾ ಎದ್ದು ನಿಂತ್ಲು — ಯಾಕ?

ಯಾಕ — ಅಮೀನಗಡ ದಾಟುವ ತನಕ ಊರಿಗೆ ಮರಳುವ ಬಸ್ಸಿನ ಗಾಲಿಗಳೂ ಅದನ್ನೇ ಕೇಳಿದವು, ಯಾಕಂದರೆ ಮನೆಯ ನಡುವೆ ಆಳುದ್ದ ಬಾಯಿ ತೆರೆದ ಕುಣಿ ಇದೆ, ಅದರಾಚೆ ಮಗ್ಗದಿಂದ ಗೋಡೆಯ ತನಕ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿವೆ, ಯಾಕಂದರೆ ಕೂಸನ್ನು ಸೀರೆಯ ಜೋಳಿಗೆಯಲ್ಲಿ ಕಟ್ಟಿ ಅದರ ಹಗ್ಗವನ್ನು ಕಾಲಿನಿಂದ ತುಳಿಯುವ ಹಲಗೆಗೆ ಬಿಗಿದರೆ ನೇಯ್ದ ಹಾಗೆಲ್ಲ ಅದು ತಾನೇ ತೂಗುತ್ತದೆ, ಓಣಿಯ ತಾಯಂದಿರೆಲ್ಲ ಹಾಗೇ ಮಾಡಿದ್ದು, ಎಷ್ಟ ಚಂದ ಮಲಗ್ತದಬೇ ನಿನ್ನ ಕೂಸು ಎಂದು ಹೊಗಳಿದ್ದರು, ಒಂದೇ ಒಂದು ದಿನ ಕೆಳಗೆ ಬಿಟ್ಟಾಗ ಅದು ಎರಡೆಳೆ ಹರಿದಿತ್ತು, ನೇಯಲು ರೇಷ್ಮೆ ಕೊಡುವ ಹೊಳಬಸಪ್ಪ ಸಾಹುಕಾರ ಗುಡುಗಿದ್ದ, ರೇಷ್ಮಿ ಹರದ್ರ ನಿನ್ನ ಕೂಸು ನೇಯ್ದು ಕೊಡ್ತದೇನಬೇ? ಮತ್ತೆ ಜೋಳಿಗೆಗೇ, ವರ್ಷಪೂರ್ತಿ, ಅವನ ಪಡಸಾಲೆಯಲ್ಲಿ ನಾಲ್ಕು ಎತ್ತು ಹೊರಳಾಡುವಷ್ಟು ನೆಲ ಖಾಲಿ ಬಿದ್ದಿತ್ತು, ಅವಳ ಮಗಳಿಗೆ ಮೊಣಕಾಲೂರಲು ಒಂದು ಮೊಳ ಇರಲಿಲ್ಲ, ಊರಿನ ಹೆಂಗಸರೆಲ್ಲ ಅವಳು ನೇಯ್ದ ಸೆರಗು ಹೊದ್ದು ಮೆರೆದರು, ಕೂಸಿನ ನೆಲವನ್ನು ನೇಯ್ದು ಹೊದಿಸಿದವಳು ತಾನೇ ಅಲ್ಲವೇ — ದಿನಾ ಅಂಬೆಗಾಲ ಇಡಸವ್ವ, ಅದರಿಂದ ಹೋದರೂ ಹೋದೀತು, ತಿಂಗಳಗಟ್ಟಲೆ ಬೇಕು, ಖಾತ್ರಿ ಹೇಳಾಂಗಿಲ್ಲ, ಎಂದಿದ್ದಳು ಡಾಕ್ಟರಮ್ಮ — ಎಲ್ಲಿ ಇಡಿಸಲಿ, ಈ ಎಳೆಗಳ ಕೆಳಗೋ, ಅವಳು ಕುಣಿಯಿಂದ ಮೇಲೆದ್ದಳು, ಗೂಟಕ್ಕೆ ಬಿಗಿದ ಹಾಸಿನ ಹಗ್ಗಕ್ಕೆ ಕೈ ಹಾಕಿದಳು, ಅವ್ವಾ, ಸಾಹುಕಾರ ಬೈತಾನ, ಬೈಲಿ, ಗಂಟು ಸಡಿಲಿತು, ಎರಡು ಸೀರೆಯ ರೇಷ್ಮೆ ಸತ್ತ ಹಾವಿನಂತೆ ಜೋತುಬಿತ್ತು, ಗೋಡೆಗೆ ಒತ್ತಿ ಸರಿಸಿದಳು, ಕುಣಿಯ ಬಾಯಿಗೆ ಹಲಗೆ ಎಳೆದಳು, ನೆಲ, ಏಳು ವರ್ಷದ ಮೇಲೆ ನೆಲ, ಬಾ ನನ್ನವ್ವ, ಕೈ ಊರು, ಮೊಣಕಾಲ ಊರು, ಕೂಸಿನಂಗ, ಇಂದ್ರವ್ವ ನಾಚಿ ನಕ್ಕಳು, ಊರಿದಳು, ನೆಲ ನೋಡುತ್ತ ಒಂದು ಹೆಜ್ಜೆ, ಎರಡು, ಶಾಬಾಶ್ ಇಂದ್ರಿ! — ಹೊಗಳಿಕೆ ಕೇಳಿ ಮಗಳು ಅವ್ವನ ಕಡೆ ಮುಖ ತಿರುಗಿಸಿದಳು, ಆಚೆಯ ಮೊಣಕೈ ಮಡಚಿತು, ಗಲ್ಲ ನೆಲಕ್ಕೆ ಬಡಿಯಿತು, ಏಳು, ಇನ್ನೊಮ್ಮೆ, ಎದ್ದಳು, ಆಯ್ತೇನವ್ವಾ ಎಂದು ತಿರುಗಿದಳು, ಮೊಣಕೈ ಮಡಚಿತು, ಕರೆಯಬಾರದು, ಮಾತಾಡಬಾರದು, ಸೋಮವ್ವ ಬಾಯಿಗೆ ಸೆರಗು ತುರುಕಿ ಗೋಡೆಗೆ ಅಂಟಿ ನಿಂತಳು, ಸದ್ದಿಲ್ಲದ್ದಕ್ಕೆ ಹೆದರಿ ಮಗಳು ಅವ್ವ ಎಲ್ಲೆಂದು ಹುಡುಕಿ ತಿರುಗಿದಳು, ಮೊಣಕೈ ಮಡಚಿತು, ಅವ್ವನನ್ನು ನೋಡಿದಳು, ಮಡಚಿತು, ನೋಡಿದಳು, ಅವ್ವನ ಕಡೆ ತಿರುಗಿದಾಗಲೆಲ್ಲ ಆ ಮೊಣಕೈ —