ಜಾಣ ಕಿವುಡಿ ಅಂದವನು ನಾನೇ

ಕರೆದರೆ ಓಗೊಡದ ಹೆಂಡತಿಯ ಜೊತೆ ಏಗುವುದು ಹೇಗೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ಈಗ ನೆನೆದರೆ ತಲೆ ತಗ್ಗುತ್ತದೆ.

ನಮ್ಮದು ಹಿಟ್ಟಿನ ಗಿರಣಿ. ಗದ್ದಲಕ್ಕೆ ತಲೆ ಸಿಡಿಯುತ್ತದೆಂದು ನಾನು ಬಾಗಿಲ ಬಳಿ ತಕ್ಕಡಿ ಮುಂದೆ ಕೂರುತ್ತೇನೆ. ಹದಿನಾರು ವರ್ಷದಿಂದ ಯಂತ್ರದ ಪಕ್ಕ ನಿಂತವಳು ಅವಳು. ಆ ಅಬ್ಬರದಲ್ಲೂ ನಾನು ಬಾಯಿ ತೆರೆದರೆ ಸಾಕು, ಸಣ್ಣಗೆ ಬೀಸಬೇಕೋ ತರಿ ಬೇಕೋ ಅವಳಿಗೆ ತಿಳಿದುಬಿಡುತ್ತಿತ್ತು. ಮನೆಯಲ್ಲಿ ಮಾತ್ರ ಬೆನ್ನ ಹಿಂದೆ ನಿಂತು ಮೂರು ಸಲ ಕರೆದರೂ ತಿರುಗುತ್ತಿರಲಿಲ್ಲ. ಇದು ಸೊಕ್ಕೇ ಸರಿ ಎಂದುಕೊಂಡೆ. ಗಿರಾಕಿಗಳ ಮುಂದೆ ಜಾಣ ಕಿವುಡಿ ಎಂದು ಹಂಗಿಸಿದೆ. ಅವರು ನಕ್ಕರು, ಅವರನ್ನು ನೋಡಿ ಅವಳೂ ನಕ್ಕಳು.

ಮಗಳ ಕಾಲೇಜಿನಲ್ಲಿ ಸುತ್ತಲಿನ ಸದ್ದು ಅಳೆಯುವ ಪ್ರಾಜೆಕ್ಟ್ ಕೊಟ್ಟಿದ್ದರು. ಫೋನಿನಲ್ಲಿ ಗ್ರಂಥಾಲಯ, ಬಸ್ ನಿಲ್ದಾಣ ಎಲ್ಲ ಅಳೆದು ಗಿರಣಿಗೂ ಬಂದಳು. ಅಂದಾಜು ತೊಂಬತ್ತೇಳು ಡೆಸಿಬಲ್ ಬಂತು. ಎಂಬತ್ತೈದು ದಾಟಿದ ಸದ್ದಿನಲ್ಲಿ ದಿನಾ ಎಂಟು ಗಂಟೆ ಇದ್ದರೆ ಕಿವಿ ಕೆಡುತ್ತದೆ, ಅಮ್ಮನಿಗೂ ಹಾಗೇ ಆಗಿರಬೇಕು ಎಂದಳು.

"ಕಿವಿ ಕೆಟ್ಟಿದ್ರೆ ಇಲ್ಲಿ ನನ್ನ ಮಾತು ಹೆಂಗೆ ಕೇಳಿಸ್ತಿತ್ತು?" ಎಂದೆ.

ಮಗಳು ಯಂತ್ರ ನಿಲ್ಲಿಸಿ ತನ್ನ ನೋಟ್‌ಬುಕ್ ಕೊಟ್ಟಳು. "ಇದನ್ನ ಬಾಯಿಗೆ ಅಡ್ಡ ಹಿಡಿದು ಅಮ್ಮನ್ನ ಏನಾದ್ರೂ ಕೇಳಪ್ಪ."

ಊಟ ಆಯಿತಾ ಎಂದು ಕೇಳಿದೆ. ಎರಡು ಹೆಜ್ಜೆ ದೂರದಲ್ಲಿದ್ದವಳು ನೋಟ್‌ಬುಕ್ಕನ್ನೇ ನೋಡುತ್ತ ನಿಂತಳು. ಅದನ್ನು ಇಳಿಸಿ ಮತ್ತೆ ಅದನ್ನೇ ಕೇಳಿದೆ. ಇನ್ನೂ ಇಲ್ಲ ಎಂದಳು. ಇಷ್ಟು ದಿನ ಅವಳು ನನ್ನ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು.

ವೈದ್ಯರು ಪರೀಕ್ಷೆ ಮಾಡಿ, ಸದ್ದಿನಿಂದ ಕೆಟ್ಟ ಕಿವಿ ಮೊದಲಿನಂತೆ ಆಗುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಈಗ ಇಬ್ಬರೂ ಸದ್ದು ತಡೆಯಲು ಕಿವಿ ಮುಚ್ಚುವ ಇಯರ್ ಮಫ್ ಹಾಕಿಕೊಂಡು ಸರದಿಯ ಮೇಲೆ ಯಂತ್ರದ ಬಳಿ ನಿಲ್ಲುತ್ತೇವೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಅವಳ ಎದುರು ಕೂತು ಕೇಳಿದೆ.

"ಹೇಳಿದ್ದೆ ರೀ. ಕಿವೀಲಿ ಗುಯ್ ಅನ್ನುತ್ತೆ ಅಂತ ಎಷ್ಟು ಸಲ ಹೇಳಿದೆ. ನಾಟಕ ಆಡಬೇಡ ಅಂದ್ರಿ."

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಂತ್ರದ ಸದ್ದಿನಲ್ಲಿ ದುಡಿಯುವವರಿದ್ದರೆ ಅವರ ಕಿವಿಗೆ ರಕ್ಷಣೆ ಕೊಡಿಸಿ. ಕಿವಿಯಲ್ಲಿ ಸದ್ದು ಎಂದರೆ, ಕರೆದಾಗ ತಿರುಗದಿದ್ದರೆ, ಬೈಯುವ ಮೊದಲು ಪರೀಕ್ಷೆ ಮಾಡಿಸಿ. ನನ್ನ ಹೆಂಡತಿಗೆ ನಾನು ಮಾಡಿದ್ದನ್ನು ನೀವು ಯಾರಿಗೂ ಮಾಡಬೇಡಿ.