ಪಾದ ಮುಳುಗುವಷ್ಟು ನೀರು

ಸತ್ತವರ ಪಾದಗಳು ನೆಲಕ್ಕೆ ಕೂರುತ್ತಿರಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಅದೊಂದು ವಿಡಿಯೋ ಗೇಮ್. ಎಂದೋ ಮುಂದಿನ ಕಾಲದಲ್ಲಿ, ನಕ್ಷತ್ರಗಳ ನಡುವೆ ಸಾಗುತ್ತಿರುವ ಒಂದು ದೊಡ್ಡ ಹಡಗು. ಅದರಲ್ಲಿ ಯಾರಾದರೂ ಸಾಯುವ ಹೊತ್ತಿಗೆ ಅವರ ಮನಸ್ಸಿನ ಪಡಿಯಚ್ಚು ತೆಗೆದು ಯಂತ್ರದಲ್ಲಿ ಇಟ್ಟುಕೊಳ್ಳುತ್ತಾರೆ. ಆ ಪಡಿಯಚ್ಚು ಸತ್ತವರ ದನಿಯಲ್ಲೇ ಮಾತಾಡುತ್ತಾ ಹಡಗಿನ ಕೆಲಸ ನೋಡಿಕೊಂಡಿರುತ್ತದೆ. ಹಾಗಾದರೆ ಆತ್ಮ ಎಲ್ಲಿ ಹೋಯಿತು? ಅದಕ್ಕೊಂದು ದಡ. ಆಡುವವರು ನಡುನಡುವೆ ಆ ದಡಕ್ಕೆ ಹೋಗಿ ಸತ್ತವರನ್ನು ಮಾತಾಡಿಸಿಕೊಂಡು ಬರಬೇಕು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಪರದೆಯ ಮೇಲೆ ಗೊಂಬೆಗಳನ್ನು ನಡೆಸುವವನು ತಿಪ್ಪರಲಾಗ ಹಾಕಿದರೂ ದಡದಲ್ಲಿ ನಿಂತವರ ಪಾದ ಒಮ್ಮೆ ನೆಲದೊಳಗೆ ಹೂತುಹೋಗುತ್ತಿತ್ತು, ಒಮ್ಮೆ ಗೇಣುದ್ದ ಮೇಲೆ ತೇಲುತ್ತಿತ್ತು. ಆಟವನ್ನು ಹೊರಗೆ ಬಿಡುವ ದಿನ ಹತ್ತಿರವಾಗಿತ್ತು. ಅದನ್ನು ತಯಾರಿಸುತ್ತಿದ್ದ ಕಂಪನಿಯ ಯಜಮಾನರು ಕಂಡಕಂಡವರ ಮೇಲೆ ರೇಗುತ್ತಿದ್ದರು.

"ನೀರಲ್ಲಿ ನಿಲ್ಲಿಸಿಬಿಡಿ ಸಾರ್. ಪಾದ ಮುಳುಗಿದ್ರೆ ಯಾರಿಗೆ ಕಾಣುತ್ತೆ?" ಅಂದವಳು ಅವಳೇ.

ಆ ಆಟದ ಹಿಂದುಮುಂದಿನ ಕಥೆ ಬರೆಯುವುದು ಅವಳ ಕೆಲಸ. ಹಡಗು ಕಟ್ಟಿದವರು ಯಾರು, ಯಾಕೆ ಹೊರಟರು, ಸತ್ತರೆ ಏನಾಗುತ್ತದೆ, ಎಲ್ಲ ಅವಳ ತಲೆಯಿಂದಲೇ ಇಳಿಯಬೇಕು. ಹಾಗಾಗಿ ಕಚೇರಿಯಲ್ಲಿ ಅವಳಿಗೆ 'ಪುರಾಣ' ಎಂದೇ ಹೆಸರು. "ಭೇಷ್ ಪುರಾಣ, ಆ ನೀರಿಗೊಂದು ಕಾರಣಾನೂ ಬರೆದುಬಿಡು" ಎಂದರು ಯಜಮಾನರು. ಕಾರಣಕ್ಕೇನು ಬರವೇ? ಚಹಾ ಆರುವುದರೊಳಗೆ ಬರೆದು ಬಿಸಾಕಿದಳು. ಸತ್ತವರು ತಣ್ಣನೆಯ ನೀರಿನಲ್ಲಿ ನಿಂತು ಕಾಯುತ್ತಾರೆ. ಅವರ ಪಡಿಯಚ್ಚು ಈ ಕಡೆ ಮಾತಾಡುತ್ತಿರುವವರೆಗೂ ಆತ್ಮ ಆ ನೀರು ಬಿಟ್ಟು ಏಳುವ ಹಾಗಿಲ್ಲ. ಮಾತು ನಿಂತ ದಿನ ಆಚೆ ಹೋಗಬಹುದು. ಬರೆದು ಮುಗಿಸಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದಳು. ಅಷ್ಟು ಹಗುರವಾಗಿ ಬರೆದದ್ದು ಅದು.

ಹಡಗಿನ ಸತ್ತ ಚಾಲಕನ ದನಿಗೆ ತನ್ನ ಭಾವನನ್ನೇ ಹಿಡಿದು ತಂದಳು. ಅಕ್ಕನ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದರು. ಎದುರಿಗೆ ಲಾರಿ ನುಗ್ಗಿ ಬರುತ್ತಿದ್ದರೂ "ಏನಿಲ್ಲ, ಹೆದರ್ಬೇಡಿ, ನಿಧಾನಕ್ಕೆ ಬಿಡಿ" ಎನ್ನುವ ಮನುಷ್ಯ. ನಿಮ್ಮ ದನಿ ಕೇಳಿದರೆ ಸತ್ತವರಿಗೂ ಧೈರ್ಯ ಬರುತ್ತದೆ ಭಾವ, ಎಂದು ಪುಸಲಾಯಿಸಿ ಒಪ್ಪಿಸಿದ್ದಳು. ಆಟ ಬಂತು. ಜನ ಬೇರೆ ಏನನ್ನು ಮೆಚ್ಚಿದರೋ ಬಿಟ್ಟರೋ, ಚಾಲಕನ ದನಿಯನ್ನು ಮಾತ್ರ ತಲೆ ಮೇಲೆ ಹೊತ್ತುಕೊಂಡರು. ಒಂದೊಂದು ಮಾತಿನ ಕೊನೆಗೂ ಉಸಿರು ಸೋತು ನಿಲ್ಲುತ್ತದಲ್ಲ, ಅಬ್ಬಾ, ಅದೇನು ನಟನೆ ಎಂದು ಬರೆದರು.

ಆ ಚಳಿಗಾಲ ಕಳೆಯುವುದರೊಳಗೆ ಭಾವ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿದ್ದ ಹಾಗೇ ಹೋಗಿಬಿಟ್ಟರು. ಹೃದಯ ನಿಂತಿದೆ ಎಂದರು ಡಾಕ್ಟರು. ಇದು ಇವತ್ತಿನದಲ್ಲ, ಉಸಿರು ಕಟ್ಟುವುದು ಗಿಟ್ಟುವುದು ಮೊದಲೇ ಇದ್ದಿರಬೇಕು, ಮನೆಯವರು ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ಅಕ್ಕ ಇಲ್ಲ ಎಂದು ತಲೆಯಾಡಿಸಿದಳು. ತಂಗಿ ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿದ್ದಳು. ತುಟಿಪಿಟಕ್ ಎನ್ನಲಿಲ್ಲ.

ಆಮೇಲೆ ಅಕ್ಕ ಆಟ ಆಡತೊಡಗಿದಳು. ಟೀವಿ ರಿಮೋಟಿನಲ್ಲೇ ತಡಕಾಡುತ್ತಿದ್ದವಳು ಆಟದ ಗುಂಡಿಗಳನ್ನೆಲ್ಲ ಕಲಿತಳು. ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ. ಹಡಗಿನಲ್ಲಿ ಗಂಡನನ್ನು ಮಾತಾಡಿಸುವುದು, ದಡಕ್ಕೆ ಹೋಗಿ ಮಾತಾಡಿಸುವುದು, ಮತ್ತೆ ಹಡಗಿಗೆ ಬರುವುದು. ಬೆಳಗ್ಗೆ ಕೂತರೆ ಊಟಕ್ಕೆ ಎಬ್ಬಿಸಬೇಕು.

ಒಂದು ಭಾನುವಾರ ಬೆಳಗ್ಗೆ ಅವಳು ಅಕ್ಕನ ಮನೆಗೆ ಹೋದಾಗ ಅಕ್ಕ ಹಜಾರದಲ್ಲಿ ಆಡುತ್ತಾ ಕೂತಿದ್ದಳು. ಅಡುಗೆಮನೆಯಲ್ಲಿ ಅಕ್ಕನ ಅತ್ತೆ, ಅಂದರೆ ಭಾವನ ತಾಯಿ, ಬಟಾಣಿ ಸುಲಿಯುತ್ತಿದ್ದರು. ಅವಳೂ ಎದುರು ಕೂತು ನಾಲ್ಕು ಕಾಯಿ ಕೈಗೆತ್ತಿಕೊಂಡಳು.

"ಪುಟ್ಟೀ, ಒಂದು ಕೇಳ್ತೀನಿ, ನಗಬಾರದು."

"ಕೇಳಿ ಅತ್ತೆ."

"ಆ ಆಟದಲ್ಲಿ ಸತ್ತವರು ನೀರಲ್ಲಿ ನಿಂತಿರ್ತಾರಲ್ಲ, ಅದನ್ನ ಬರೆದೋಳು ನೀನೇ ಅಂತೆ?"

"ಹೂಂ."

"ಅವಳು ಆಡ್ತಾನೇ ಇರ್ತಾಳೆ, ನಾನು ಕೇಳಿಸ್ಕೊಳ್ತಾನೇ ಇರ್ತೀನಿ. ಈಚೆ ಮಾತಾಡ್ತಿರೋವರೆಗೂ ಆಚೆ ನೀರಿಂದ ಏಳೋ ಹಾಗಿಲ್ಲ. ಅಲ್ವಾ?"

ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. "ಅಯ್ಯೋ ಅತ್ತೆ, ಅದು ಆಟ. ನಾನು ಸುಮ್ನೆ ಕೂತು ಕಟ್ಟಿದ್ದು."

"ಗೊತ್ತು ಕಣೇ. ನನಗೇನು ಬುದ್ಧಿ ಕೆಟ್ಟಿಲ್ಲ. ಹಗಲೆಲ್ಲ ಗೊತ್ತಿರುತ್ತೆ. ಮಲಗುವಾಗ ನನ್ನ ಕಾಲಿಗೆ ರಗ್ಗು ಎಳ್ಕೋತೀನಲ್ಲ, ಆಗ ಗೊತ್ತಿರಲ್ಲ." ಅವರು ಒಂದು ಕಾಯಿ ಬಿಡಿಸಿ, ಕಾಳನ್ನು ಪಾತ್ರೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡರು. "ಮಗು ಆಗಿದ್ದಾಗಿಂದ ಅವನ ಕಾಲು ತಣ್ಣಗೆ. ಬೇಸಿಗೇಲೂ ಕಾಲುಚೀಲ ಬೇಕು. ನೀರಲ್ಲಿ ನಿಲ್ಲಿಸೋದು ನಿಲ್ಲಿಸಿದೆ, ತಣ್ಣೀರೇ ಆಗ್ಬೇಕಿತ್ತೇನೇ? ಕಾಲುಚೀಲ ಹಾಕಿದಾನೆ ಅಂತ ಬರಿ ಅನ್ನೋಣ ಅಂದ್ರೆ, ಅದೂ ನೆನೆದುಹೋಗುತ್ತೆ."

ಹೇಳಿ ತಾವೇ ನಕ್ಕರು. ನಗುತ್ತಲೇ ಕಣ್ಣು ತುಂಬಿಕೊಂಡರು.

"ಆಡ್ಬೇಡ ಅಂತ ಅವಳಿಗೆ ಹೇಳೋಕೆ ನಂಗೆ ಬಾಯಿ ಬರಲ್ಲ. ಅವಳಿಗೆ ಉಳಿದಿರೋದು ಅದೊಂದೇ. ನೀನೇ ಏನಾದ್ರೂ ಮಾಡು ಪುಟ್ಟಿ."

ಗೊಂಬೆಯ ಪಾದ ನೆಲಕ್ಕೆ ಕೂರಲಿಲ್ಲ, ಅದನ್ನು ಮುಚ್ಚಿಹಾಕಲು ನಿಮ್ಮ ಮಗನನ್ನು ನೀರಿಗಿಳಿಸಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಹಾಳಾದ್ದು, 'ತಣ್ಣನೆಯ' ಎಂಬ ಆ ಒಂದು ಶಬ್ದವನ್ನು ಯಾಕಾದರೂ ಬರೆದೆನೋ ಎಂದು ತನ್ನನ್ನೇ ಬೈದುಕೊಂಡಳು. ಅಷ್ಟರಲ್ಲಿ ಏನೋ ಹೊಳೆದು, ಮುಳುಗುವವರು ಹುಲ್ಲುಕಡ್ಡಿ ಹಿಡಿದ ಹಾಗೆ ಹಿಡಿದುಕೊಂಡಳು.

"ಅತ್ತೆ, ನೀರು ತಣ್ಣಗಿದೆ ಅಂತ ಹೇಳುವಾಗ ಭಾವನ ಕಾಲು ಬೆಚ್ಚಗಿತ್ತು! ರೆಕಾರ್ಡಿಂಗ್ ಕೋಣೇಲಿ ಹೀಟರ್ ಸದ್ದು ಮಾಡುತ್ತೆ ಅಂತ ಆರಿಸಿದ್ವಿ. ಅದಕ್ಕೆ ನಾನೇ ಅವರ ಕಾಲಡಿಗೆ ಬಿಸಿನೀರಿನ ಚೀಲ ಇಟ್ಟಿದ್ದೆ. ಅದರ ಮೇಲೆ ಕಾಲಿಟ್ಕೊಂಡು ಜೋಕ್ ಮಾಡಿದ್ರು."

"ನನ್ನ ಸಮಾಧಾನಕ್ಕೆ ಹೇಳ್ತೀಯ."

"ನಿಮ್ಮಾಣೆ! ಅವರು ನಕ್ಕಿದ್ದೆಲ್ಲ ರೆಕಾರ್ಡ್ ಆಗಿದೆ."

"ಹಾಗಾದ್ರೆ ಕೇಳಿಸು" ಎಂದರು ಆ ತಾಯಿ.

ಆಗ ಅವಳು ನಾಲಗೆ ಕಚ್ಚಿಕೊಂಡಳು. ಆ ನಗುವಿನ ಹಿಂದೆಯೇ ಏನಿದೆ ಎಂಬುದು ನೆನಪಾಗಿತ್ತು.

ಮರುದಿನ ಕಚೇರಿಯಲ್ಲಿ ಯಜಮಾನರಿಗೆ ವಿಷಯ ಹೇಳಿದಳು. ಅವರೇನು ಕೆಟ್ಟವರಲ್ಲ, ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ, "ಅದಕ್ಕೇನಂತೆ? ಅವರ ದನಿ ನಮ್ಮ ಹತ್ರ ರಾಶಿ ಇದೆ. ಯಂತ್ರಕ್ಕೆ ಕೊಟ್ರೆ, ನೀರು ಬೆಚ್ಚಗಿದೆ ಅಮ್ಮ ಅಂತ ಅವರ ಬಾಯಲ್ಲೇ ಹೇಳಿಸುತ್ತೆ. ನೀರು ಕುಡಿದಷ್ಟು ಸುಲಭ" ಎಂದರು. ಅವಳು ಕಟ್ಟಿದ ಪುರಾಣದ ಪ್ರಕಾರ ಅದು ಇನ್ನೊಂದು ಪಡಿಯಚ್ಚು. ಪುರಾಣ ಸುಳ್ಳು ಎಂದು ಗೊತ್ತಿದ್ದೂ ಬೇಡ ಸಾರ್ ಎಂದಳು.

ರೆಕಾರ್ಡಿಂಗ್ ಕೋಣೆಯಲ್ಲಿ ಒಬ್ಬಳೇ ಕೂತು ಹಳೆಯದನ್ನು ಹುಡುಕಿ ತೆಗೆದಳು. ಭಾವ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಹೆಡ್‌ಫೋನಿನಲ್ಲಿ ಭಾವ ಕಿವಿಯ ಪಕ್ಕದಲ್ಲೇ ಕೂತ ಹಾಗೆ ಮಾತಾಡಿದರು.

"ನೀರು ತಣ್ಣಗಿದೆ. ನನ್ನ ಮಾತು ಮುಗಿಯೋವರೆಗೂ ನಾನು ಇಲ್ಲೇ... ಲೇ ಪುಟ್ಟಿ, ಕಾಲಡಿ ಬಿಸಿನೀರಿಟ್ಕೊಂಡು ತಣ್ಣಗಿದೆ ಅಂತ ಸುಳ್ಳು ಹೇಳಿಸ್ತೀಯಲ್ಲೇ! ಇಷ್ಟು ಬೆಚ್ಚಗೆ ನನ್ನ ಕಾಲು ಯಾವತ್ತೂ ಇರಲಿಲ್ಲ. ನಮ್ಮಮ್ಮನಿಗೂ ಇಂಥದ್ದೊಂದು ಚೀಲ ಕೊಡಿಸ್ಬೇಕು."

ನಗು. ಅದರ ಬೆನ್ನಿಗೇ, ಬಾವಿಯಿಂದ ಕೊಡ ಎಳೆದ ಹಾಗೆ, ಕಷ್ಟಪಟ್ಟು ಎಳೆದುಕೊಂಡ ಒಂದು ಉಸಿರು.

"ತಾಳು, ತಾಳು. ಮೆಟ್ಲು ಹತ್ತಿ ಬಂದಾಗಿಂದ ಉಸಿರೇ ಸಾಲ್ತಿಲ್ಲ ಕಣೇ. ಈಚೆಗೆ ಹೀಗೇ ಆಗುತ್ತೆ."

ಆಮೇಲೆ ಅವಳದೇ ದನಿ, ಉತ್ಸಾಹದಿಂದ ಕುಣಿಯುತ್ತಾ. "ಭಾವ, ಅದೇ ಚೆನ್ನಾಗಿದೆ! ಹಾಗೇ ಇರ್ಲಿ. ಥೇಟ್ ಸತ್ತವರು ಮಾತಾಡಿದ ಹಾಗಿದೆ. ಎಲ್ಲಾ ಮಾತನ್ನೂ ಹೀಗೇ ಹೇಳಿ, ಪ್ಲೀಸ್."

"ಹೌದಾ? ಹಾಗಾದ್ರೆ ಸರಿ."

ಅವಳು ಹೆಡ್‌ಫೋನ್ ತೆಗೆದಿಟ್ಟು ಮುಖ ಮುಚ್ಚಿಕೊಂಡಳು. ಮನೆಯವರು ಗಮನಿಸಲಿಲ್ಲವೇ ಎಂದಿದ್ದರು ಡಾಕ್ಟರು. ಗಮನಿಸಿದ್ದಳು. ಜಗತ್ತಿನಲ್ಲಿ ಯಾರಿಗೂ ಕೇಳಿಸದಷ್ಟು ಹತ್ತಿರದಿಂದ ಕೇಳಿಸಿಕೊಂಡಿದ್ದಳು. ಕೇಳಿಸಿಕೊಂಡು ಚಪ್ಪಾಳೆ ತಟ್ಟಿದ್ದಳು.

ಆಮೇಲೆ ಕತ್ತರಿ ಆಡಿಸಿದಳು. ನಗು ಮುಗಿಯುವ ತುದಿಗೆ ಸರಿಯಾಗಿ ಕತ್ತರಿಸಿ, ಅದನ್ನು ಮೊಬೈಲಿಗೆ ಹಾಕಿಕೊಂಡಳು. ತಾಯಿಗೆ ಬೇಕಾದ್ದು ಇಷ್ಟೇ ತಾನೇ, ಉಳಿದದ್ದರಿಂದ ಯಾರಿಗೆ ಏನು ಉಪಯೋಗ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು ಹೇಳಿಕೊಂಡಳು.

ಅಡುಗೆಮನೆಯ ಮೇಜಿನ ಮೇಲೆ, ಅವತ್ತು ಸುಲಿದ ಬಟಾಣಿ ಸಿಪ್ಪೆಯ ಪಕ್ಕ, ಮೊಬೈಲ್ ಇಟ್ಟು ಹಾಕಿದಾಗ ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮಗ ನಮ್ಮಮ್ಮ ಎಂದ ಕಡೆ "ಹೂಂ ಕಣಪ್ಪಾ" ಎಂದು ಉತ್ತರವನ್ನೂ ಕೊಟ್ಟರು. "ಬೆಚ್ಚಗಿತ್ತಂತೆ, ಕೇಳಿದೆಯಾ? ಬೆಚ್ಚಗಿತ್ತಂತೆ" ಎಂದು ಅವಳ ಭುಜ ಹಿಡಿದು ಅಲುಗಿಸಿದರು. ಅವರ ಮುಖ ಹಾಗೆ ಅರಳಿದ್ದನ್ನು ಕಂಡು ಅವಳಿಗೂ ಒಂದು ಕ್ಷಣ ಬದುಕಿದೆ ಎನ್ನಿಸಿತು.

ಸದ್ದು ಕೇಳಿ ಅಕ್ಕ ಹಜಾರದಿಂದ ಎದ್ದು ಬಂದಿದ್ದಳು. ಬಾಗಿಲಲ್ಲೇ ನಿಂತು, "ಇನ್ನೊಂದ್ಸಲ ಹಾಕು" ಎಂದಳು.

ಹಾಕಿದಳು.

"ಕೊನೇಲಿ ಕತ್ತರಿಸಿದ್ದೀಯ."

"ಇಲ್ಲಕ್ಕಾ, ಇರೋದೇ ಅಷ್ಟು."

"ಅವರು ನಕ್ಕ ಮೇಲೆ ಒಂದು ಉಸಿರು ಎಳ್ಕೋತಿದ್ರು. ಇದರಲ್ಲಿ ಅದಿಲ್ಲ. ದಿನಾ ಅದನ್ನೇ ಕೇಳ್ತಾ ಕೂತಿರೋಳು ನಾನು, ನಂಗೆ ಗೊತ್ತಾಗಲ್ವಾ? ಪೂರ್ತಿ ಹಾಕು."

ಪೂರ್ತಿಯದು ಕಚೇರಿಯಲ್ಲೇ ಉಳಿದಿದೆ ಎಂದು ಹೇಳಬಹುದಿತ್ತು. ಸುಳ್ಳಿಗೇನು, ಅವಳ ಹೊಟ್ಟೆಪಾಡೇ ಅದು. ಆದರೆ ಪೂರ್ತಿಯದೂ ಅದೇ ಮೊಬೈಲಿನಲ್ಲಿತ್ತು. ಯಾಕೆ ಹಾಕಿಕೊಂಡು ಬಂದಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಅಕ್ಕನ ಮುಖ ನೋಡಲಾಗದೆ, ಬಟಾಣಿ ಸಿಪ್ಪೆಯ ರಾಶಿ ನೋಡುತ್ತಾ ಅದನ್ನು ಹಾಕಿದಳು.

ನಗು ಬಂತು. ಉಸಿರು ಬಂತು. ಉಸಿರೇ ಸಾಲ್ತಿಲ್ಲ ಕಣೇ ಎಂಬುದು ಬಂತು. ಆಮೇಲೆ ಅವಳ ಉತ್ಸಾಹ, ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ.

ಹಜಾರದಲ್ಲಿ ಟೀವಿ ಹಾಗೇ ಇತ್ತು. ಆಟದೊಳಗಿನ ಭಾವ ಯಾರೂ ಕೇಳದಿದ್ದರೂ "ಏನಿಲ್ಲ, ಹೆದರ್ಬೇಡಿ" ಎಂದು ತಮ್ಮ ಪಾಡಿಗೆ ಹೇಳುತ್ತಿದ್ದರು.

"ಮನೇಲಿ ನಾನು ಕೇಳ್ದಾಗೆಲ್ಲ," ಎಂದಳು ಅಕ್ಕ. ದನಿ ಏರಿರಲಿಲ್ಲ. "ಯಾಕ್ರೀ ಹೀಗೆ ಏದುಸಿರು ಬಿಡ್ತೀರಿ, ಡಾಕ್ಟರ ಹತ್ರ ಹೋಗೋಣ ಬನ್ನಿ ಅಂದಾಗೆಲ್ಲ, ಪಾತ್ರಕ್ಕೆ ಅಭ್ಯಾಸ ಮಾಡ್ತಿದೀನಿ ಅಂತಿದ್ರು. ಪುಟ್ಟಿಗೆ ಹೀಗೇ ಬೇಕಂತೆ ಅಂತಿದ್ರು. ನಾನೂ ನಂಬಿದೆ. ಆಸ್ಪತ್ರೇಲಿ ಡಾಕ್ಟರು ಕೇಳಿದಾಗ ಇಲ್ಲ ಅಂದೆ ನೋಡು, ಅದಕ್ಕೇ."

"ಅಕ್ಕಾ..."

"ಬೇಡ."

ಅಕ್ಕ ಹಜಾರಕ್ಕೆ ಹೋದಳು. ಭಾವ ಇನ್ನೂ "ನಿಧಾನಕ್ಕೆ..." ಎನ್ನುತ್ತಿದ್ದರು; ಆ ಉಸಿರು ಎಳೆಯುವಷ್ಟರಲ್ಲಿ ಗುಂಡಿ ಒತ್ತಿದ ಸದ್ದಾಯಿತು. ಅಕ್ಕ ತಂತಿಯನ್ನೂ ಕಿತ್ತು, ಸುತ್ತಿ, ಆಟದ ಪೆಟ್ಟಿಗೆಯ ಮೇಲಿಟ್ಟು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಅವಳು ಆಡುವುದಿಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆ ದನಿಯಲ್ಲಿ ಅವಳು ಹುಡುಕಿಕೊಂಡಿದ್ದ ಗಂಡನನ್ನು ತಂಗಿ ಎರಡನೇ ಸಲ ಕಿತ್ತುಕೊಂಡಿದ್ದಳು.

ಮನೆ ನಿಶ್ಶಬ್ದವಾಯಿತು. ಅತ್ತೆ ತಲೆಯೆತ್ತಿ ಆ ನಿಶ್ಶಬ್ದವನ್ನು ಕೇಳಿಸಿಕೊಂಡರು. ಈ ತಾಯಿ ಈಗ ತನ್ನ ಕೆನ್ನೆಗೆ ಬಾರಿಸಲಿ ಎಂದು ಅವಳು ಕಾದಳು, ಬಾರಿಸಿದರೆ ಸಾಕು ಎಂದು ಬೇಡಿಕೊಂಡಳು. ಅವರು ಬಾರಿಸಲಿಲ್ಲ. ಮಕ್ಕಳು ಕೇಳುವ ಹಾಗೆ ಕೇಳಿದರು.

"ಪುಟ್ಟೀ, ಮಾತು ನಿಂತಿತಲ್ಲ. ಇನ್ನು ಅವನು ನೀರಿಂದ ಎದ್ದು ಹೋಗಬಹುದಲ್ವಾ? ನೀನು ಬರೆದಿದ್ದು ಹಾಗೇ ತಾನೇ?"

ಒಂದು ಲೋಟ ಚಹಾ ಆರುವುದರೊಳಗೆ ಕಟ್ಟಿದ ಸುಳ್ಳು. ಅದನ್ನು ಈಗ ಅವಳು ನಿಜ ಮಾಡಿ ಕೊಡಬೇಕಿತ್ತು. ಒಳಕೋಣೆಯಿಂದ ಅಕ್ಕ ಅಳುವುದು ಕೇಳಿಸತೊಡಗಿತ್ತು.

"ಹೌದು ಅತ್ತೆ," ಎಂದಳು. "ಹೋಗಿರ್ತಾರೆ."